ಷಡ್ಡಕ ಕೊಟ್ಟ ಕಲ್ಲು

ಟೊಳ್ಳು.

ಯೋಗನರಸಿಂಹ ಬೆರಳ ಗೆಣ್ಣಿನಿಂದ ಇನ್ನೊಮ್ಮೆ ತಟ್ಟಿದ. ಟೊಳ್ಳೇ. ಪಕ್ಕದ ಕಲ್ಲನ್ನು ತಟ್ಟಿ ಹೋಲಿಸಿ ನೋಡಿದ. ಅದು ಗಟ್ಟಿಯಾಗಿ, ಮಂಕಾಗಿ ಸದ್ದು ಮಾಡಿತು. ಕಿಟಕಿಯ ಕೆಳಗಿನ ಈ ಒಂದು ಮಾತ್ರ ಖಾಲಿ ಡಬ್ಬಿಯ ಹಾಗೆ ಬಾಯಿ ಬಿಡುತ್ತಿತ್ತು. ಅಂದರೆ ಹಿಂದಿನ ಗಾರೆ ಹಿಡಿದಿಲ್ಲ. ಇವತ್ತಲ್ಲ ನಾಳೆ ಉದುರುತ್ತದೆ. ಅವನಿಗೆ ಸಂತೋಷವಾಯಿತು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಬೀದಿಗೆ ಬಂದವನಿಗೆ ಆಗಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು.

"ಏನ್ರೀ?" ಅಂದಳು ಹೆಂಡತಿ ಕನಕಲಕ್ಷ್ಮಿ. ಅವಳು ಗೋಡೆಯ ಆ ತುದಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟಿನ ಅಂಟವಾಳದ ನೊರೆಗೆ ಬ್ರಶ್ ಅದ್ದಿ ಅದ್ದಿ ಕಲ್ಲು ತೊಳೆಯುತ್ತಿದ್ದಳು.

"ಏನಿಲ್ಲ."

"ತಟ್ತಾ ಇದ್ರಿ."

"ಸುಮ್ನೆ."

ಕಲ್ಲು ಅನ್ನುವುದು ಬಾಯಿಮಾತು. ಕಲ್ಲಲ್ಲ. ಸಿಮೆಂಟು, ಮರಳು, ಬಣ್ಣ ಕಲಸಿ ರಬ್ಬರ್ ಅಚ್ಚಿಗೆ ಸುರಿದು, ಬಂಡೆಯ ಉಬ್ಬುತಗ್ಗು ಬರಿಸಿದ ಬಿಲ್ಲೆಗಳು. ಅಂಗಡಿಯವರು ಎಲಿವೇಶನ್ ಅನ್ನುತ್ತಾರೆ. ಮಹಡಿ ಹತ್ತಿದರೆ ಅಂಬಾಜಿದುರ್ಗದ ಬೆಟ್ಟ ಕಾಣುತ್ತದೆ. ಚಿಂತಾಮಣಿಯ ಯಾವ ರಸ್ತೆಯಲ್ಲಿ ಹೊರಟರೂ ಬಂಡೆ, ಬಂಡೆ ಒಡೆಯುವ ಕ್ರಷರು, ಜಲ್ಲಿ ಲಾರಿ. ಇಂಥ ಸೀಮೆಯಲ್ಲಿ ಇಟ್ಟಿಗೆಯ ಗೋಡೆಗೆ ಕಲ್ಲಿನ ವೇಷ. ಅದನ್ನು ವರ್ಷಕ್ಕೆರಡು ಸಲ ತೊಳೆದು, ಒಣಗಿಸಿ, ನೀರು ಹಿಡಿಯದಂತೆ ಸೀಲರ್ ಬಳಿದು ಕಾಪಾಡಬೇಕು. ನಿಜವಾದ ಬಂಡೆಯನ್ನು ಯಾರೂ ಕಾಪಾಡಿದ್ದನ್ನು ಯೋಗನರಸಿಂಹ ಕಂಡಿರಲಿಲ್ಲ.

ಮನೆ ಕನಕಲಕ್ಷ್ಮಿಯ ಅಪ್ಪನದು. ಹೆಡ್ಮಾಸ್ಟರಾಗಿದ್ದ ಅವರು ಕಟ್ಟಿಸಿದ ಇಟ್ಟಿಗೆ-ಗಾರೆಯ ಹಳೆಯ ಮನೆ. ಮುಂದೆ ಜಗಲಿ, ಬೀದಿಗೆ ತೆರೆದ ಒಂದು ಕಿಟಕಿ. ಅವರು ತೀರಿಕೊಂಡ ಮೇಲೆ ದೊಡ್ಡ ಮಗಳ ಪಾಲಿಗೆ ಬಂತು. ಅಳಿಯ ಇದೇ ಊರಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರು, ಬಾಡಿಗೆ ಮನೆಯಲ್ಲಿ ಯಾಕಿರಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಎಲ್ಲರೂ ಎಂದರೆ ಯೋಗನರಸಿಂಹನನ್ನು ಬಿಟ್ಟು. ಅವನು ಪುಸ್ತಕದ ಪೆಟ್ಟಿಗೆಗಳ ಜೊತೆ ಬಂದು ಇಳಿದ. ಬೀದಿಯವರು ಮನೆ ಅಳಿಯ ಅನ್ನಲಿಲ್ಲ. ಅವರು ಅನ್ನದೆ ಇರುವುದೂ ಅವನಿಗೆ ಕೇಳಿಸುತ್ತಿತ್ತು.

ಒಂದು ಮಳೆಗಾಲ ಮುಂದಿನ ಗೋಡೆಯ ಗಾರೆ ಅಲ್ಲಲ್ಲಿ ಹಕ್ಕಳೆಯೆದ್ದು ಬಿತ್ತು. ಯೋಗನರಸಿಂಹ ಗಾರೆಯವನನ್ನು ಹುಡುಕುತ್ತಿದ್ದ. ಹುಡುಕುವುದರಲ್ಲಿ ಅವನು ನಿಧಾನ. ಅಷ್ಟರಲ್ಲಿ ಚಿಕ್ಕಬಳ್ಳಾಪುರದಿಂದ ಅಚ್ಯುತನ ಟೆಂಪೋ ಬಂತು. ಅಚ್ಯುತ್ ಅವನ ಷಡ್ಡಕ, ಕನಕಲಕ್ಷ್ಮಿಯ ತಂಗಿ ಶ್ರೀವಲ್ಲಿಯ ಗಂಡ. ಬೈಪಾಸಿನಲ್ಲಿ ಎಲಿವೇಶನ್ ಅಂಗಡಿಯನ್ನು ಆಗತಾನೇ ತೆರೆದಿದ್ದ. "ಮಾವನವರ ಮನೆ ಮೇಷ್ಟ್ರೇ, ನಂದೂ ಒಂದು ಸೇವೆ ಇರ್ಲಿ" ಎಂದು ಕಾಸು ಮುಟ್ಟದೆ ಗೋಡೆಗೆಲ್ಲ ಕಲ್ಲು ಹಚ್ಚಿಸಿಬಿಟ್ಟ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ. ಯೋಗನರಸಿಂಹ ಅವತ್ತಿನಿಂದ ಎಣಿಸುತ್ತಲೇ ಇದ್ದ.

ಅದು ದಾನವೂ ಅಲ್ಲ ಎಂದು ಆಮೇಲೆ ತಿಳಿಯಿತು. ಗಿರಾಕಿಗಳನ್ನು ಕರೆತಂದು ತೋರಿಸಲು ಅಚ್ಯುತನಿಗೆ ಒಂದು ಗೋಡೆ ಬೇಕಿತ್ತು. ಕುಡುಮಲಕುಂಟೆ ಫ್ಯಾಕ್ಟರಿಯ ಮ್ಯಾನೇಜರುಗಳು, ಸಾದಲಿ ಕಡೆಯ ತೋಟದವರು, ಯಾರು ಯಾರೋ ಕಾರಿನಿಂದ ಇಳಿದು ಬೀದಿಯಲ್ಲಿ ನಿಂತು ಅವನ ಮನೆಯನ್ನು ನೋಡುತ್ತಿದ್ದರು. ಒಳಗೆ ಅವನು ಪೇಪರು ತಿದ್ದುತ್ತ ಕೂತಿದ್ದರೆ ಒಂದು ಅಪರಿಚಿತ ಮುಖ ಕಿಟಕಿಯಲ್ಲಿ ಬಗ್ಗಿ, ಗೋಡೆಯ ಅಂಚು ಸವರಿ, ಅವನನ್ನು ಲಕ್ಷಿಸದೆ ಹೋಗುತ್ತಿತ್ತು. ಅಂಗಡಿಯ ಕ್ಯಾಟಲಾಗಿನೊಳಗೆ ಸಂಸಾರ ಮಾಡುವವನಿಗೆ ಏನನ್ನಿಸಬೇಕೋ ಅವನಿಗೂ ಅದೇ ಅನ್ನಿಸುತ್ತಿತ್ತು.

ಇವತ್ತೂ ಅಚ್ಯುತ್ ಬರುತ್ತಾನೆ. ನಿನ್ನೆ ಫೋನು ಬಂದದ್ದು ಕನಕಲಕ್ಷ್ಮಿಗೆ.

"ನಾಳೆ ಮಧ್ಯಾಹ್ನ ಬರ್ತಾರಂತೆ" ಅಂದಿದ್ದಳು. "ಶಿಡ್ಲಘಟ್ಟದ ರೇಷ್ಮೆ ಸಾಹೇಬ್ರು ಯಾರೋ, ದೊಡ್ಡ ಮನೆ ಕಟ್ಟಿಸ್ತಾ ಇದಾರಂತೆ. ಗೋಡೆ ತೋರಿಸ್ಬೇಕಂತೆ."

"ಶ್ರೀವಲ್ಲಿ?"

"ಬರಲ್ವಂತೆ."

ಅಷ್ಟೇ ಮಾತು. ಆದರೆ ಸಂಜೆ ಅವಳು ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತಕಲು ಕೂತಳು. ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ತಾಳ್ಮೆಯ ಕೆಲಸ. ಬೆರಳ ತುದಿ ನೆನೆದು ಸುಕ್ಕಾಗುವ ತನಕ ಅವಳು ಅದನ್ನು ಮಾಡಿದಳು. ಈ ಅವರೆಕಾಯಿ ಕಾಲ ಶುರುವಾಗಿ ಇಷ್ಟು ದಿನವಾದರೂ ಅವನಿಗೆಂದು ಹಿತಕಿರಲಿಲ್ಲ. "ಸಿಪ್ಪೆ ಸಮೇತ ತಿಂದ್ರೆ ಒಳ್ಳೇದು" ಅಂದಿದ್ದಳು.

ಹೆಣ್ಣು ನೋಡಲು ಬಂದ ದಿನ ಅಚ್ಯುತನಿಗೆ ಕೊಟ್ಟದ್ದೂ ಹಿತಕಿದಬೇಳೆ ಉಪ್ಪಿಟ್ಟು.

ಅದು ಯೋಗನರಸಿಂಹ ಕಣ್ಣಾರೆ ಕಂಡದ್ದಲ್ಲ. ಕಾಣದೆ ಇದ್ದದ್ದರಿಂದಲೇ ಅವನಿಗೆ ಅದು ಬಹಳ ಚೆನ್ನಾಗಿ ಕಾಣುತ್ತದೆ. ಇದೇ ಮನೆಯ ನಡುಮನೆ. ಅಚ್ಯುತ್ ನೋಡಲು ಬಂದದ್ದು ಕನಕಲಕ್ಷ್ಮಿಯನ್ನು. ಉಪ್ಪಿಟ್ಟಿನ ತಟ್ಟೆ ತಂದವಳು ಅವಳು. ಹಿಂದೆ ನೀರಿನ ಲೋಟ ತಂದವಳು ಶ್ರೀವಲ್ಲಿ. ಕೆಲವು ದಿನ ಬಿಟ್ಟು ಅವರ ಕಡೆಯಿಂದ ಮಾತು ಬಂತು, ಹುಡುಗನಿಗೆ ಚಿಕ್ಕವಳು ಒಪ್ಪಿಗೆ ಎಂದು. ಹೆಡ್ಮಾಸ್ಟರು ಒಳ್ಳೆಯ ಸಂಬಂಧ ಬಿಡಲಾರದೆ ಹೂಂ ಅಂದರು. ಆದರೆ ದೊಡ್ಡವಳು ಮನೆಯಲ್ಲಿರುವಾಗ ಚಿಕ್ಕವಳ ಕುತ್ತಿಗೆಗೆ ತಾಳಿ ಹೇಗೆ ಬೀಳುತ್ತದೆ? ದೊಡ್ಡವಳಿಗೆ ಗಂಡು ಹುಡುಕಿದರು, ಅವಸರವಾಗಿ. ಸಿಕ್ಕಿದವನು ಯೋಗನರಸಿಂಹ. ಒಂದೇ ಚಪ್ಪರ, ಎರಡು ಮದುವೆ. ಮೊದಲ ಮುಹೂರ್ತ ಅವನದು. ಹಿಂದಿನ ಗಾಡಿಗೆ ದಾರಿ ಬಿಡಬೇಕಾಗಿತ್ತು.

ಅವತ್ತು ಕನಕಲಕ್ಷ್ಮಿಗೆ ಅಚ್ಯುತ್ ಒಪ್ಪಿಗೆಯಾಗಿದ್ದನೇ? ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಒಂದು ಪ್ರಶ್ನೆಯನ್ನು ಅವನು ಕೇಳಿಲ್ಲ. ಮಗಳು ಮೇಧಾ ಹುಟ್ಟಿ, ಬೆಳೆದು, ಚಿಕ್ಕಬಳ್ಳಾಪುರದ ಹಾಸ್ಟೆಲಿಗೆ ಸೇರಿ, ಭಾನುವಾರಗಳನ್ನು ಅಚ್ಯುತ್ ಚಿಕ್ಕಪ್ಪನ ಮನೆಯಲ್ಲಿ ಕಳೆಯುವಷ್ಟಾದರೂ ಕೇಳಿಲ್ಲ. ಕೇಳಿದರೆ ಅವಳು ಇಲ್ಲ ಅನ್ನುತ್ತಾಳೆ. ಇಲ್ಲ ಅಂದರೆ ಅವನು ನಂಬುವುದಿಲ್ಲ. ಹೌದು ಅಂದರೆ ತಕ್ಷಣ ನಂಬುತ್ತಾನೆ. ಉತ್ತರ ಮೊದಲೇ ಗೊತ್ತುಮಾಡಿಕೊಂಡು ಪ್ರಯೋಗ ಮಾಡಬಾರದು ಎಂದು ಅವನೇ ಮಕ್ಕಳಿಗೆ ಹೇಳಿಕೊಡುತ್ತಾನೆ.

"ಏಮಿ ಮೇಷ್ಟ್ರೇ" ಎಂದು ಎದುರು ಮನೆಯ ಜಗಲಿಯಿಂದ ಪೆದ್ದಮ್ಮ ಕೂಗಿದಳು. ಬಿಸಿಲು ಕಾಯಿಸುತ್ತ ಕೂತಿದ್ದ ಆ ಮುದುಕಿಗೆ ಈ ಬೀದಿಯ ಎಲ್ಲ ಮನೆಯ ಒಳಗೂ ಹೊರಗೂ ಗೊತ್ತು. "ಹೆಂಡ್ತಿ ಗೋಡೆಗೆ ಎಣ್ಣೆನೀರು ಎರೀತಾ ಇದಾಳೆ, ನೀವು ನಿಂತ್ಕೊಂಡು ನೋಡ್ತಾ ಇದೀರ. ನಿಮ್ಗೆ ಯಾವತ್ತಾದ್ರೂ ಹಿಂಗೆ ಬೆನ್ನು ಉಜ್ಜಿದಾಳಾ?"

ಕನಕಲಕ್ಷ್ಮಿ ನಕ್ಕಳು. "ಸುಮ್ನಿರು ಪೆದ್ದಮ್ಮ."

"ಗೋಡೆಗಿರೋ ಯೋಗ ಮನುಷ್ಯರಿಗಿಲ್ಲಮ್ಮ" ಅಂದಳು ಪೆದ್ದಮ್ಮ.

ಯೋಗನರಸಿಂಹನೂ ನಗಬೇಕಾಗಿತ್ತು. ಈ ಪೆದ್ದಮ್ಮನೇ ಹಿಂದೊಮ್ಮೆ, ಹಪ್ಪಳ ಒತ್ತುತ್ತ, ಯಾರೂ ಕೇಳದೆ ಹೇಳಿದ್ದಳು: "ಚಿಕ್ಕವಳು ಬೇಕು ಅಂತ ಆ ಮಾತು ಬಂತಲ್ಲ, ಈ ಹುಡುಗಿ ಅನ್ನ ಮುಟ್ಲಿಲ್ಲಪ್ಪ. ಆ ಕಿಟಕಿ ರೂಮಲ್ಲಿ ಗೋಡೆ ಕಡೆ ತಿರುಗಿ ಮಲಗಿಬಿಟ್ಲು." ಯಾಕೆ ಎಂದು ಪೆದ್ದಮ್ಮ ಹೇಳಲಿಲ್ಲ. ಅವಮಾನವಾದರೂ ಅನ್ನ ಸೇರುವುದಿಲ್ಲ. ಆಸೆ ಮುರಿದರೂ ಸೇರುವುದಿಲ್ಲ. ಎರಡರಲ್ಲಿ ಯಾವುದು ಎಂಬುದರ ಮೇಲೆ ಅವನ ಇಡೀ ಸಂಸಾರ ನಿಂತಿತ್ತು.

ಅವಳು ಈಗ ಕಲ್ಲುಗಳ ಸಂದಿಗೆ ಬಂದಿದ್ದಳು. ಸಂದಿಗೆ ದೊಡ್ಡ ಬ್ರಶ್ ಹೋಗುವುದಿಲ್ಲವೆಂದು ಹಲ್ಲುಜ್ಜುವ ಬ್ರಶ್ ಹಿಡಿದಿದ್ದಳು. ಅವನ ಹಳೆಯ ಬ್ರಶ್. ಅದರಿಂದ ಒಂದೊಂದು ಸಂದಿಯನ್ನೂ ಮಗುವಿನ ಕಿವಿ ಒರೆಸುವಷ್ಟು ಮೆತ್ತಗೆ ಉಜ್ಜುತ್ತಿದ್ದಳು. ಅವನಿಗೆ ಹೊಟ್ಟೆಕಿಚ್ಚಾಯಿತು. ಗೋಡೆಯ ಮೇಲೆ ಹೊಟ್ಟೆಕಿಚ್ಚು ಪಡುವ ಮನುಷ್ಯ ನಗೆಪಾಟಲು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಕಿಚ್ಚು ಕಡಿಮೆಯಾಗಲಿಲ್ಲ.

"ಕೊಡು. ನಾನು ಮಾಡ್ತೀನಿ."

"ಬಿಡಿ. ನಿಮ್ಗೆ ಬರಲ್ಲ."

"ಗೋಡೆ ತೊಳಿಯೋಕೆ ಏನು ಬರ್ಬೇಕು?"

"ಮೊದ್ಲು ಬರೀ ನೀರಲ್ಲಿ ನೆನೆಸ್ಬೇಕು. ಇಲ್ದಿದ್ರೆ ಕೊಳೆ ಒಳಗೆ ಎಳ್ಕೊಂಡ್ಬಿಡುತ್ತೆ. ತಂತಿ ಬ್ರಶ್ ಮುಟ್ಟಿಸ್ಬಾರ್ದು. ಪೈಪು ಜೋರಾಗಿ ಬಿಡ್ಬಾರ್ದು. ಆ್ಯಸಿಡ್ ಅಂತೂ ಹತ್ರಾನೂ ತರ್ಬಾರ್ದು."

"ಯಾರು ಹೇಳಿದ್ದು?"

ಅವಳು ಬ್ರಶ್ ನಿಲ್ಲಿಸಿ ಒಮ್ಮೆ ನೋಡಿದಳು. "ಎಲ್ಲಾರೂ ಹೇಳ್ತಾರೆ."

ಎಲ್ಲರೂ ಹೇಳುವುದಿಲ್ಲ. ಈ ಊರಿನಲ್ಲಿ ಅದನ್ನು ಹೇಳಬಲ್ಲವನು ಒಬ್ಬನೇ, ಮತ್ತು ಅವನು ಈ ಊರಿನವನಲ್ಲ.

ಬಿಸಿಲೇರಿದಾಗ ಅವಳು ರವೆ ಹುರಿಯಬೇಕೆಂದು ಒಳಗೆ ಹೋದಳು. ಹೋಗುವಾಗ ಕಿಟಕಿಯ ಕೆಳಭಾಗ ತೋರಿಸಿ, "ಇದೊಂದು ಬಿಳೀದು ಹೋಗ್ತಾ ಇಲ್ಲ. ಮೆತ್ತಗೆ ಉಜ್ಜಿ, ಸಾಕು" ಅಂದಳು. ಅಲ್ಲಿ ಉಪ್ಪು ಎದ್ದು, ಟೊಳ್ಳು ಕಲ್ಲೂ ಅದರ ಸುತ್ತಲಿನವೂ ವಿಭೂತಿ ಬಳಿದ ಹಾಗೆ ಬೆಳ್ಳಗಾಗಿದ್ದವು. ಯೋಗನರಸಿಂಹ ತನ್ನ ಹಳೆಯ ಬ್ರಶ್ಶಿನಿಂದ ಉಜ್ಜಿದ. ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿದ. ಒಳಗೆ ಒಗ್ಗರಣೆ ಸಿಡಿದ ಸದ್ದಾಯಿತು. ಇಂಗಿನ, ಅವರೆಯ ಘಮ ಕಿಟಕಿಯಿಂದ ಬಂತು. ಅವಳು ಏನನ್ನೋ ಗುನುಗುತ್ತಿದ್ದಳು.

ಆ್ಯಸಿಡ್ ಬಾಟಲಿ ಬಚ್ಚಲುಮನೆಯ ಮೂಲೆಯಲ್ಲಿತ್ತು.

ಅವನ ಹುಟ್ಟೂರು ಅಂಬಾಜಿದುರ್ಗದ ಬುಡದ ಹಳ್ಳಿ. ಅಲ್ಲಿ ಚಪ್ಪಡಿ, ಕಂಬ, ಮೆಟ್ಟಿಲು, ಒಗೆಯುವ ಕಲ್ಲು ಎಲ್ಲವೂ ಬಂಡೆಯಿಂದ ಒಡೆದು ತಂದದ್ದು. ಹಬ್ಬ ಬಂತೆಂದರೆ ಆ್ಯಸಿಡ್ ಚೆಲ್ಲಿ ಪೊರಕೆಯಲ್ಲಿ ಉಜ್ಜಿ ನೀರು ಹೊಡೆಯುತ್ತಾರೆ. ಕೊಳೆ ಹೋಗುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ. ಈ ಸೀಮೆಯವರ ಕೈಗೆ ಅದೇ ರೂಢಿ: ಕಲ್ಲು ಕೊಳೆಯಾದರೆ ಆ್ಯಸಿಡ್. ಇತ್ತೀಚೆಗೆ ಎಲಿವೇಶನ್ ಹಾಕಿಸಿದವರು ಅದೇ ರೂಢಿಯಲ್ಲಿ ಅದಕ್ಕೂ ಸುರಿದು, ಬಣ್ಣವೆಲ್ಲ ಕಳೆದುಕೊಂಡು ಪೇಚಾಡಿದ್ದನ್ನು ಅವನು ಕೇಳಿದ್ದ. ಪಾಪ, ಅವರಿಗೆ ಗೊತ್ತಿರಲಿಲ್ಲ. ಅವರು ಯಾರೂ ಕೆಮಿಸ್ಟ್ರಿ ಕಲಿಸುವವರಲ್ಲ.

ಪ್ಲಾಸ್ಟಿಕ್ ಮಗ್ಗಿಗೆ ಸುರಿದುಕೊಂಡು, ಹೆಸರಿಗೆ ಒಂದಿಷ್ಟು ನೀರು ಬೆರೆಸಿ, ಅವನು ಕಿಟಕಿಯ ಕೆಳಗೆ ಚೆಲ್ಲಿದ.

ಕಲ್ಲು ಭುಸುಗುಟ್ಟಿತು. ಬಿಳಿ ನೊರೆ ಉಕ್ಕಿ, ಘಾಟು ಮೂಗಿಗೆ ಹೊಡೆಯಿತು. ಮೊನ್ನೆ ತಾನೇ ಬೋರ್ಡಿನ ಮೇಲೆ ಬರೆದ ಸಮೀಕರಣ ಕಣ್ಣೆದುರು ನಡೆಯುತ್ತಿತ್ತು. ಸುಣ್ಣದಂಶ ಕರಗುತ್ತದೆ, ಅನಿಲ ಹೊರಡುತ್ತದೆ, ಬಣ್ಣಕ್ಕೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಕಂದು ಬಣ್ಣ ಇಳಿದು, ಜಗಲಿಯಿಂದ ಹರಿದು, ಅವಳು ಬೆಳಿಗ್ಗೆ ಇಟ್ಟ ರಂಗೋಲಿಯ ಮೇಲೆ ಹೋಯಿತು. ಅವನು ನೋಡುತ್ತ ನಿಂತ. ಎಷ್ಟೋ ವರ್ಷದಿಂದ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ಒಂದು ನಿಮಿಷ ಹೊರಗೆ ಉರಿಯಿತು. ಹಾಯೆನಿಸಿತು. ಆಮೇಲೆ ಬಕೆಟ್ಟಿನ ನೀರು ಎತ್ತಿ ಹೊಡೆದ. ಕಿಟಕಿಯ ಕೆಳಗೆ ಒಂದು ಜಮಖಾನೆಯಷ್ಟು ಜಾಗದಲ್ಲಿ ಕಲ್ಲಿನ ಬಣ್ಣ ಹೋಗಿ, ಮರಳಿನ ಹರಳುಗಳು ಎದ್ದು, ಬೂದುಬೂದಾಗಿ ಉಳಿಯಿತು.

ಘಾಟಿಗೆ ಕನಕಲಕ್ಷ್ಮಿ ಹೊರಗೆ ಬಂದಳು. ಕೈಯಲ್ಲಿ ಸೌಟು. ಗೋಡೆ ನೋಡಿದಳು, ಮಗ್ಗು ನೋಡಿದಳು, ರಂಗೋಲಿ ನೋಡಿದಳು. ಅವನನ್ನು ಕೊನೆಗೆ ನೋಡಿದಳು.

"ಏನು ಹಾಕಿದ್ರಿ?"

"ಉಪ್ಪು ಹೋಗ್ತಿರ್ಲಿಲ್ಲ."

"ಆ್ಯಸಿಡ್ಡಾ?"

"ಊರಲ್ಲಿ ಹಾಕ್ತಾರಲ್ಲ. ಅದೇ ಅಭ್ಯಾಸ. ಮರ್ತೆ."

"ನೀವು" ಅಂದಳು ಅವಳು, "ಮರ್ತ್ರಿ."

ಅದು ಪ್ರಶ್ನೆಯಾಗಿದ್ದರೆ ಅವನು ಉತ್ತರ ಕೊಡಬಹುದಿತ್ತು. ಅವಳು ಬೈಯುತ್ತಾಳೆ ಎಂದು ಕಾದ. ಬೈದರೆ ಒಂದು ಲೆಕ್ಕ ಸಿಗುತ್ತಿತ್ತು, ಇಷ್ಟು ಸಿಟ್ಟೆಂದರೆ ಅಷ್ಟು ಪ್ರೀತಿ ಎಂದು. ಅವಳು ಬೈಯಲಿಲ್ಲ. ಸೌಟನ್ನು ಕಿಟಕಿಯ ಮೇಲಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೆರಡು ಬಕೆಟ್ಟು ನೀರು ತಂದು ಗೋಡೆಗೂ ಜಗಲಿಗೂ ಸುರಿದಳು. ರಂಗೋಲಿಯನ್ನು ಮತ್ತೆ ಇಟ್ಟಳು. ಎಳೆ ಸ್ವಲ್ಪ ದಪ್ಪವಾಯಿತು, ಅಷ್ಟೇ.

"ಅವ್ನಿಗೆ ಏನು ಹೇಳ್ತೀಯ?" ಅಂದ.

"ಏನು ಹೇಳೋದು. ಇದೆ, ನೋಡ್ತಾರೆ."

ಮಧ್ಯಾಹ್ನ ಕಾರು ಬಂತು. ಅಚ್ಯುತ್ 'ಮೇಷ್ಟ್ರೇ' ಎಂದು ಕೂಗುತ್ತಲೇ ಇಳಿದ. ಭಾವ, ಅಣ್ಣ ಎಂಬ ಯಾವ ಸಂಬಂಧದ ಮಾತನ್ನೂ ಅವನು ಬಳಸುವುದಿಲ್ಲ. ಮೇಷ್ಟ್ರೇ ಅನ್ನುತ್ತಾನೆ, ಅಂಗಡಿಯವನು ಗುರುತಿನ ಗಿರಾಕಿಗೆ ಅನ್ನುವ ಹಾಗೆ. ಕನಕಲಕ್ಷ್ಮಿಯನ್ನು ಮಾತ್ರ ಕನಕಕ್ಕ ಅನ್ನುತ್ತಾನೆ. ನೋಡಲು ಬಂದ ಹುಡುಗಿಯನ್ನು ಅಕ್ಕ ಅನ್ನುವುದಕ್ಕೆ ಒಂದು ಗಂಟಲು ಬೇಕು. ಅಚ್ಯುತನಿಗೆ ಅದಿತ್ತು. ತಲೆಗೂದಲಿಗೆ ಬಣ್ಣ, ತೋಳು ಮಡಿಸಿದ ಬಿಳಿ ಶರ್ಟು. ವಯಸ್ಸು ಅವನ ಹೊಟ್ಟೆಗೆ ಬಂದಿತ್ತೇ ಹೊರತು ಮುಖಕ್ಕಲ್ಲ.

ಜೊತೆಗೆ ಬಂದವರು ಅಮಾನುಲ್ಲಾ ಸಾಹೇಬರು. ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡಿಸುವವರು, ಮಾತು ಕಡಿಮೆ. ಬೀದಿಯ ನಡುವೆ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು.

"ಎಷ್ಟು ವರ್ಷ ಆಯ್ತು ಇದು?"

"ನಮ್ಮ ಮೊದಲ್ನೇ ಕೆಲ್ಸ ಸಾಹೇಬ್ರೇ" ಅಂದ ಅಚ್ಯುತ್. "ನಮ್ಮ ಕನಕಕ್ಕ ನೋಡ್ಕೊಂಡಿರೋ ರೀತಿ ನೋಡಿ. ಮೊನ್ನೆ ಹಾಕ್ದಂಗಿದೆ."

"ಅದೇ" ಅಂದರು ಅಮಾನುಲ್ಲಾ. ಹತ್ತಿರ ಬಂದು ಒಂದು ಕಲ್ಲನ್ನು ಬೆರಳಿನಿಂದ ಸವರಿದರು. "ದೂರದಿಂದ ಪರ್ವಾಗಿಲ್ಲ ಅಚ್ಯುತ್ ಭಾಯ್. ಹತ್ರ ಬಂದ್ರೆ ಪೇಂಟು. ಬಿಸ್ಕತ್ ಥರ ಕಾಣುತ್ತೆ. ನಮ್ಮ ಮನೇಲಿ ಅರ್ಫಾಗೆ ಇದು ಇಷ್ಟ ಆಗಲ್ಲ. ಮಗಳು, ಅವಳ್ದೇ ಕಾರುಬಾರು."

ಯೋಗನರಸಿಂಹ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಒಳಗೊಳಗೇ ಸಣ್ಣಗೆ ಕುಣಿಯುತ್ತಿದ್ದ. ಇನ್ನು ಎರಡು ಹೆಜ್ಜೆ. ಸಾಹೇಬರು ಎರಡು ಹೆಜ್ಜೆ ಸರಿದರು. ಕಿಟಕಿಯ ಕೆಳಗೆ ನಿಂತರು. ಬೂದು ಜಾಗವನ್ನು ನೋಡಿದರು. ಅಚ್ಯುತನೂ ಆಗಲೇ ನೋಡಿದ. ಅವನ ಮುಖದ ಮೇಲಿನ ನಗು ಅಲ್ಲೇ ನಿಂತಿತು, ಕಣ್ಣು ಮಾತ್ರ ಅದರಿಂದ ಬಿಟ್ಟುಕೊಂಡಿತು. ಯೋಗನರಸಿಂಹ ಇದನ್ನು ನೋಡಲೆಂದೇ ಇಷ್ಟು ವರ್ಷ ಬದುಕಿದ್ದನೇನೋ.

ಅಮಾನುಲ್ಲಾ ಬಗ್ಗಿ, ಟೊಳ್ಳು ಕಲ್ಲಿನ ಮೇಲೆ ಇಡೀ ಅಂಗೈ ಇಟ್ಟರು. ಕಣ್ಣು ಮುಚ್ಚಿಕೊಂಡು ರೇಷ್ಮೆ ನೂಲಿನ ಹುರಿ ನೋಡುವವರ ಹಾಗೆ ಸವರಿದರು.

"ಇದು ಯಾವುದು?"

ಇನ್ನೊಮ್ಮೆ ಸವರಿದರು.

"ಇದು ಕಲ್ಲು" ಅಂದರು ಸಾಹೇಬರು. "ಇದು ನೋಡಿ ಕಲ್ಲಿದ್ದಂಗಿದೆ. ಇದ್ಯಾಕೆ ಬೇರೆ ಥರ ಇದೆ?"

ಯೋಗನರಸಿಂಹ ಬಾಯಿ ತೆರೆದ. ಹೇಳಿಬಿಡುತ್ತಿದ್ದ: ಕೆಟ್ಟಿದೆ, ಆ್ಯಸಿಡ್ ಬಿದ್ದು ಹಾಳಾಗಿದೆ, ನಾನೇ ಹಾಕಿದ್ದು.

"ಹಳೇದಾದ್ರೆ ಹಂಗಾಗುತ್ತೆ" ಅಂದಳು ಕನಕಲಕ್ಷ್ಮಿ.

ಅವಳು ಹೊಸಿಲಿನ ಒಳಗೆ ನಿಂತು ಹೇಳಿದಳು. ಯಾರನ್ನೂ ನೋಡದೆ, ಅಡುಗೆಯ ವಿಷಯ ಹೇಳುವ ದನಿಯಲ್ಲಿ. "ಬಿಸಿಲು ಮಳೆ ತಿಂದು, ಚೆನ್ನಾಗಿ ನೋಡ್ಕೊಂಡ್ರೆ, ನಿಧಾನಕ್ಕೆ ಹಂಗೆ ಬರುತ್ತೆ."

"ಹಾಂ" ಅಂದ ಅಚ್ಯುತ್, ಒಂದು ಉಸಿರು ತಡವಾಗಿ. "ಅದು ನ್ಯಾಚುರಲ್ ಫಿನಿಶ್ ಸಾಹೇಬ್ರೇ. ಕಾಯಬೇಕಾಗುತ್ತೆ. ಬೇಕು ಅಂದ್ರೆ ನಾವು ಮೊದ್ಲೇ ಹಂಗೆ ಮಾಡಿಕೊಡ್ತೀವಿ."

"ಇದೇ ಥರ ಪೂರ್ತಿ ಮಾಡಿಕೊಡಿ. ಅರ್ಫಾಗೆ ಫೋಟೋ ಕಳಿಸ್ತೀನಿ" ಎಂದು ಅಮಾನುಲ್ಲಾ ಫೋನು ತೆಗೆದರು.

ಅವರು ಫೋಟೋ ತೆಗೆಯುವಾಗ ಅಚ್ಯುತ್ ಯೋಗನರಸಿಂಹನ ಪಕ್ಕಕ್ಕೆ ಬಂದು ನಿಂತ. ಮೂಗನ್ನು ಒಮ್ಮೆ ಅರಳಿಸಿದ. ಅಂಗಳದಲ್ಲಿ ಘಾಟು ಇನ್ನೂ ಸ್ವಲ್ಪ ಉಳಿದಿತ್ತು.

"ಎಷ್ಟು ನೀರು ಬೆರೆಸಿದ್ರಿ ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದ. ಸಿಟ್ಟಿರಲಿಲ್ಲ. ಕುತೂಹಲವಿತ್ತು.

ಯೋಗನರಸಿಂಹನ ಕಿವಿ ಬಿಸಿಯಾಯಿತು. ಆಮೇಲೆ ಅವನ ಬಾಯಿಂದಲೇ ಮಾತು ಬಂತು, ಕ್ಲಾಸಿನಲ್ಲಿ ಬರುವ ಹಾಗೆ: "ಕಡಿಮೆ ಆಯ್ತು. ಇನ್ನೂ ತೆಳು ಮಾಡ್ಬೇಕು. ಮೊದ್ಲು ಕಲ್ಲನ್ನ ನೀರಲ್ಲಿ ಚೆನ್ನಾಗಿ ನೆನೆಸಿರ್ಬೇಕು, ಆಮೇಲೆ ಸೋಡಾ ಕಲಸಿದ ನೀರಲ್ಲಿ ತೊಳೀಬೇಕು. ಇಲ್ದಿದ್ರೆ ಒಳಗೆ ತಿಂತಾ ಹೋಗುತ್ತೆ."

"ಥ್ಯಾಂಕ್ಸ್ ಮೇಷ್ಟ್ರೇ" ಅಂದ ಅಚ್ಯುತ್. ಬೆನ್ನು ತಟ್ಟಿದ. ಅವನು ಕೊಟ್ಟ ಎಲ್ಲದರಲ್ಲಿ ಅದು ಅತ್ಯಂತ ಭಾರವಾಗಿತ್ತು.

ಒಳಗೆ ಉಪ್ಪಿಟ್ಟು ಕೊಟ್ಟಳು. ಅಮಾನುಲ್ಲಾ ತಟ್ಟೆ ಖಾಲಿ ಮಾಡಿ, "ನಮ್ಮ ಮನೇಲೂ ಅವರೆಕಾಳು ಮಾಡ್ತಾರೆ, ಹಿತಕೋಕೆ ಯಾರಿಗೂ ಪುರುಸೊತ್ತಿಲ್ಲ" ಎಂದು ಇನ್ನೊಮ್ಮೆ ಹಾಕಿಸಿಕೊಂಡರು. ಅಚ್ಯುತ್ ಎಡಗೈಯಲ್ಲಿ ಫೋನು ಹಿಡಿದು ಮಾತಾಡುತ್ತ, ಬಲಗೈ ಬೆರಳಿನಿಂದ ಬೇಳೆಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದ.

"ಅವರೆ ಆಗಲ್ಲ ಕನಕಕ್ಕ. ಗ್ಯಾಸ್ಟ್ರಿಕ್ಕು" ಅಂದ, ಫೋನು ಇಟ್ಟ ಮೇಲೆ. "ತುಂಬಾ ವರ್ಷ ಆಯ್ತು ಬಿಟ್ಟು. ಶ್ರೀವಲ್ಲಿ ಹೇಳಿಲ್ವಾ?"

"ಇಲ್ಲ" ಅಂದಳು ಕನಕಲಕ್ಷ್ಮಿ.

ಕಾರು ಹೋದ ಮೇಲೆ ಅವಳು ತಟ್ಟೆ ತೆಗೆದಳು. ಅಂಚಿನಲ್ಲಿ ಸಾಲಾಗಿ ಕೂತಿದ್ದ ಹಳದಿ ಬೇಳೆಗಳನ್ನು ಎಂಜಲಿನ ಬಟ್ಟಲಿಗೆ ಬಳಿದಳು. ಬಳಿಯುವ ಮುಂಚೆ ಒಂದು ಕ್ಷಣ ನಿಂತಳು. ಯೋಗನರಸಿಂಹ ಅದನ್ನು ಕಂಡ. ಅವನಿಗೆ ಖುಷಿಯಾಗಬೇಕಿತ್ತು, ಅಚ್ಯುತನಿಗೆ ಏನು ಸೇರುತ್ತದೆ ಏನು ಸೇರುವುದಿಲ್ಲ ಎಂಬುದೇ ಅವಳಿಗೆ ಗೊತ್ತಿಲ್ಲ, ಅಷ್ಟು ದೂರ. ಆದರೆ ಅವಳ ಕತ್ತು ಸ್ವಲ್ಪ ಬಗ್ಗಿದ್ದನ್ನು ಅವನು ನೋಡಿಬಿಟ್ಟಿದ್ದ. ಆ ನೋವಿನ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು. ತನ್ನಿಂದಾಗಿ ಅವಳಿಗೆ ಹಾಗೆ ನೋವಾದದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ. ತನ್ನ ಮೇಲೆ ಅವಳಿಗೆ ಬೇಜಾರಾಗುತ್ತಿತ್ತು, ಅಷ್ಟೇ. ಬೇಜಾರು ಬೇರೆ.

"ಯಾಕೆ ಹಂಗೆ ಹೇಳ್ದೆ?" ಅಂದ.

"ಏನಂತ?"

"ಹಳೇದಾದ್ರೆ ಹಂಗಾಗುತ್ತೆ ಅಂತ."

"ಆಗಲ್ವಾ?"

"ಸುಳ್ಳು ಅದು."

"ಇನ್ನೇನು ಹೇಳ್ಬೇಕಿತ್ತು? ನಮ್ಮನೆಯೋರು ಬೇಕು ಅಂತ ಹಾಳು ಮಾಡಿದ್ರು ಅಂತಾನಾ?"

ಹಾಗಾದರೆ ಅವನಿಗಾಗಿ ಹೇಳಿದಳು. ಗಂಡನ ಮರ್ಯಾದೆ ಉಳಿಸಿದಳು. ಅಥವಾ ಆ ಇನ್ನೊಬ್ಬನ ವ್ಯಾಪಾರ ಉಳಿಸಿ, ಅದಕ್ಕೆ ಗಂಡನ ಮರ್ಯಾದೆಯ ಹೆಸರಿಟ್ಟಳು. ಒಂದೇ ಸುಳ್ಳು ಇಬ್ಬರಿಗೂ ಸರಿಹೋಗುತ್ತಿತ್ತು. ಯಾರ ಅಳತೆಗೆ ಹೊಲಿದದ್ದು ಎಂದು ಹೇಗೆ ಹೇಳುವುದು? ಕೇಳಬೇಕು. ಅವತ್ತು ಯಾಕೆ ಅನ್ನ ಮುಟ್ಟಲಿಲ್ಲ ಎಂದು ಈಗಲೇ, ಈ ಸಿಂಕಿನ ಮುಂದೆಯೇ ಕೇಳಬೇಕು. ಅವನು ಒಂದು ಹೆಜ್ಜೆ ಹತ್ತಿರ ಹೋದ.

"ಆ ನೀರು ಒಳಗೆ ಇಳಿದಿದೆಯೇನೋ" ಅಂದಳು ಕನಕಲಕ್ಷ್ಮಿ ಕೈ ಒರೆಸಿಕೊಳ್ಳುತ್ತ. "ರೂಮಿನ ಗೋಡೆ ನೋಡ್ತೀನಿ. ನೀವು ಹೊರಗಡೆ ನೋಡಿ."

ಅವನು ಹೊರಗೆ ಬಂದ. ಬಿಸಿಲು ಎದುರು ಮನೆಯ ಹೆಂಚಿನ ಮೇಲಕ್ಕೆ ಹೋಗಿತ್ತು. ಪೆದ್ದಮ್ಮ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ತೆರೆದ ಕಿಟಕಿಯಿಂದ ಸೌಟಿನ ಸದ್ದು ಬಂತು: ಟಕ್, ಟಕ್. ಅವಳು ಒಳಗಿನಿಂದ ಗೋಡೆಯನ್ನು ತಟ್ಟುತ್ತ ಬರುತ್ತಿದ್ದಳು. ಅದೇ ರೂಮು, ಅದೇ ಗೋಡೆ. ಅವಳು ಆಗ ಮುಖ ಮಾಡಿ ಮಲಗಿದ್ದದ್ದು ಬಹುಶಃ ಇಲ್ಲೇ, ಕಿಟಕಿಯ ಕೆಳಗೆ. ನಡುವೆ ಒಂದು ಇಟ್ಟಿಗೆಯ ದಪ್ಪ.

"ಕನಕ."

ಸೌಟು ನಿಂತಿತು. "ಏನು?"

"ಅವತ್ತು…"

"ಯಾವತ್ತು?"

ಬೀದಿಯ ತಿರುವಿನಲ್ಲಿ ಜಲ್ಲಿ ಲಾರಿಯೊಂದು ನುಗ್ಗಿ ಬಂತು. ನೆಲ ಅದುರಿತು, ಕಿಟಕಿಯ ಸರಳುಗಳು ಗುಂಯ್‌ಗುಟ್ಟಿದವು. ಕಾಲ ಬಳಿ ಏನೋ ಕದಲಿದಂತಾಗಿ ಅವನು ಬಗ್ಗಿ ಕೈಯೊಡ್ಡಿದ. ಟೊಳ್ಳು ಕಲ್ಲು ಸದ್ದಿಲ್ಲದೆ ಅವನ ಅಂಗೈಗೆ ಬಂದು ಕೂತಿತು.

ಭಾರವೇ ಇರಲಿಲ್ಲ. ಅವನು ತಿರುಗಿಸಿ ನೋಡಿದ. ಹಿಂಬದಿ ನುಣ್ಣಗೆ, ಅಚ್ಚಿನಿಂದ ಎತ್ತಿದ ಹಾಗೇ ಇತ್ತು. ಗಾರೆಯ ಒಂದು ಚೂರೂ ಅಂಟಿರಲಿಲ್ಲ. ಕಲ್ಲು ಬಿಟ್ಟ ಜಾಗದಲ್ಲಿ ಮಾವನವರ ಕಾಲದ ನೀಲಿ ಸುಣ್ಣ, ಒಂದು ಗೀರೂ ಇಲ್ಲದೆ. ಹಚ್ಚುವವರು ಅವಸರದಲ್ಲಿ ಇದಕ್ಕೆ ಗಾರೆ ಹಾಕುವುದನ್ನೇ ಮರೆತು, ಸಂದು ತುಂಬಲು ತುರುಕಿ ಹೋಗಿದ್ದರು. ಸಡಿಲವಾಗಿ ಬಿಟ್ಟುಕೊಂಡದ್ದಲ್ಲ ಇದು. ಗೋಡೆಗೆ ಇದು ಒಂದು ದಿನವೂ ಅಂಟಿರಲಿಲ್ಲ. ಅಕ್ಕಪಕ್ಕದ ಕಲ್ಲುಗಳ ಒತ್ತಿನಲ್ಲಿ ಇಷ್ಟು ವರ್ಷ ನಿಂತಿತ್ತು, ವರ್ಷಕ್ಕೆರಡು ಸಲ ತೊಳೆಸಿಕೊಂಡು.

ಲಾರಿ ಹೋಯಿತು.

"ಯಾವತ್ತು ಅಂದ್ರಿ?" ಒಳಗಿನಿಂದ ಅವಳು ಕೇಳಿದಳು.

ಯೋಗನರಸಿಂಹ ಕಲ್ಲನ್ನು ಅದರ ಜಾಗಕ್ಕೆ ಮತ್ತೆ ಇಟ್ಟ. ಸರಿಯಾಗಿ ಕೂತಿತು. ಕೈ ತೆಗೆದರೆ ಮುಂದಕ್ಕೆ ವಾಲುತ್ತಿತ್ತು. ಅವನು ಅಂಗೈ ಒತ್ತಿ ಹಿಡಿದ.

"ಏನಿಲ್ಲ" ಅಂದ.

ಸೌಟು ಅವನ ಅಂಗೈಯ ಹಿಂದೆ, ಸರಿಯಾಗಿ ಅಲ್ಲೇ, ಎರಡು ಸಲ ತಟ್ಟಿತು.

"ಇಲ್ಲಿ ಗಟ್ಟಿಯಾಗೇ ಇದೆ ರೀ" ಅಂದಳು ಕನಕಲಕ್ಷ್ಮಿ. ಹೆಜ್ಜೆಗಳು ಅಡುಗೆಮನೆಯ ಕಡೆ ಹೋದವು. ಹಾಲಿನ ಪಾತ್ರೆ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಕಾಫಿಯ ವಾಸನೆ ಬಂತು.

"ಬನ್ರೀ, ಕಾಫಿ ಆರ್ತಾ ಇದೆ."

ಅವನು ಬಗ್ಗಿದ ಹಾಗೇ, ಗೋಡೆಗೆ ಕೈ ಕೊಟ್ಟು ನಿಂತಿದ್ದ. ಎದುರು ಜಗಲಿಯ ಪೆದ್ದಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಏಮಯ್ಯಾ ಮೇಷ್ಟ್ರೇ, ಕರೀತಾ ಇದಾಳಲ್ಲ, ಹೋಗಪ್ಪ ಒಳಗೆ" ಅಂದಳು.

"ಬಂದೆ" ಅಂದ ಯೋಗನರಸಿಂಹ. ಕೈ ತೆಗೆಯಲಿಲ್ಲ.